ಸೊಳ್ಳೆ ಕಡಿತದ ಲೆಕ್ಕ

ನಿದ್ದೆಗೆಡಿಸುವ ಸೊಳ್ಳೆಯನ್ನು ಶಪಿಸದವರಿಲ್ಲ. ಅದು ರಾತ್ರಿಯಲ್ಲಿ ಎಷ್ಟು ಸಲ ಕಚ್ಚಿತೆಂದು ಎಣಿಸಿದವರು ವಿರಳ. ಆ ವಿರಳರ ಕಥೆಯನ್ನು ಈಗ ಹೇಳಬಯಸುತ್ತೇನೆ.

1883ರಲ್ಲಿ ಬೆಂಗಳೂರಿನ ದಂಡಿಗೆ ವೈದ್ಯರಾಗಿ ಬಂದ ರೊನಾಲ್ಡ್ ರಾಸ್ ಅವರಿಗೆ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಹುಳುಗಳನ್ನು ಕಂಡು, ತೊಟ್ಟಿಯನ್ನು ಬರಿದುಮಾಡಿಸಿದರು, ಕಾಟ ತಗ್ಗಿತು. ಹದಿನಾಲ್ಕು ವರ್ಷಗಳ ಬಳಿಕ, 1897ರ ಆಗಸ್ಟ್ ತಿಂಗಳಲ್ಲಿ, ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ರಾಸ್ ಸಾಕಿದ ಸೊಳ್ಳೆಗಳಿಗೆ ಮೈಯೊಡ್ಡಿದರು. ರಕ್ತ ಹೀರಿದ ಒಂದೊಂದು ಸೊಳ್ಳೆಗೂ ರಾಸ್ ಒಂದೊಂದಾಣೆ ತೆತ್ತರು. ಅಂಥ ಸೊಳ್ಳೆಯೊಂದರ ಹೊಟ್ಟೆಯಲ್ಲಿ ಆಗಸ್ಟ್ 20ರಂದು ಮಲೇರಿಯಾದ ರೋಗಾಣು ಕಾಣಿಸಿತು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ರಾಸ್ ತೊಡಗಿಸಿದ ಮಲೇರಿಯಾದ ಗಣಿತವನ್ನು ಜಾರ್ಜ್ ಮ್ಯಾಕ್‌ಡೊನಾಲ್ಡ್ 1950ರ ದಶಕದಲ್ಲಿ ಬೆಳೆಸಿದರು. ಒಬ್ಬರಿಂದ ರೋಗಾಣುವನ್ನು ಪಡೆಯಲು ಸೊಳ್ಳೆಗೆ ಒಂದು ಕಡಿತ ಬೇಕು; ಇನ್ನೊಬ್ಬರಿಗೆ ದಾಟಿಸಲು ಮತ್ತೊಂದು. ಆದುದರಿಂದ ಉಳಿದುದೆಲ್ಲ ಹಾಗೆಯೇ ಇದ್ದು, ಸೊಳ್ಳೆ ಮನುಷ್ಯರನ್ನು ಕಚ್ಚುವುದು ಅರ್ಧಕ್ಕಿಳಿದರೆ, ರೋಗ ಹರಡುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಕಡಿತದ ಎಣಿಕೆಗೆ ಇಷ್ಟು ಬೆಲೆ ಬಂದುದು ಹೀಗೆ.

ಎಣಿಸುವುದೆಂತು? ವಾಸದ ಕೋಣೆಯಲ್ಲಿ ಒಬ್ಬರು ಸಂಜೆಯಿಂದ ಬೆಳಗಿನವರೆಗೆ ಮೊಣಕಾಲಿನ ಕೆಳಗೆ ಬರಿಗಾಲಾಗಿ ಕೂರುತ್ತಾರೆ. ಸೊಳ್ಳೆ ಕಾಲ ಮೇಲೆ ಕುಳಿತೊಡನೆ, ಕಚ್ಚುವುದಕ್ಕೆ ಮುನ್ನವೇ, ಟಾರ್ಚಿನ ಬೆಳಕಿನಲ್ಲಿ ಹೀರುಗೊಳವೆಯಿಂದ ಹಿಡಿಯುತ್ತಾರೆ. ಹಿಡಿದ ಸೊಳ್ಳೆಗಳನ್ನು ಕೂತವರ ಸಂಖ್ಯೆಯಿಂದಲೂ ರಾತ್ರಿಗಳ ಸಂಖ್ಯೆಯಿಂದಲೂ ಭಾಗಿಸಿದರೆ ಒಬ್ಬರಿಗೆ ಒಂದು ರಾತ್ರಿಗೆ ತಗಲುವ ಕಡಿತಗಳ ಅಂದಾಜು ದೊರೆಯುತ್ತದೆ. ಇನ್ನೊಂದು ವಿಧಾನದಲ್ಲಿ ಮುಂಜಾನೆ ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಔಷಧಿ ಸಿಂಪಡಿಸಿ, ಬಿದ್ದ ಸೊಳ್ಳೆಗಳಲ್ಲಿ ರಕ್ತ ಕುಡಿದವನ್ನು ಎಣಿಸುತ್ತಾರೆ. ಕಚ್ಚಿ ಹೊರಗೆ ಹಾರಿದವು ಈ ಲೆಕ್ಕಕ್ಕೆ ಸಿಕ್ಕವು.

ಆ ತಪ್ಪಿಸಿಕೊಂಡವುಗಳ ಮಹತ್ವವನ್ನು ಉತ್ತರ ನೈಜೀರಿಯದ ಗಾರ್ಕಿ ತೋರಿಸಿಕೊಟ್ಟಿತು. 1969ರಿಂದ 1976ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯೂ ಅಲ್ಲಿನ ಸರ್ಕಾರವೂ ನಡೆಸಿದ ಅಧ್ಯಯನದಲ್ಲಿ ಮನೆಯೊಳಗೂ ಹೊರಗೂ ಜನರನ್ನು ಕೂರಿಸಿ ಎಣಿಸಿದರು. ಮನೆಮನೆಗೂ ಔಷಧಿ ಸಿಂಪಡಿಸಿದರೂ ರೋಗ ನಿಲ್ಲಲಿಲ್ಲ. ಹೊರಗೆ ತಂಗುತ್ತಿದ್ದ ಸೊಳ್ಳೆಗಳನ್ನು ಗೋಡೆಯ ಔಷಧಿ ಮುಟ್ಟಲಿಲ್ಲ.

ಈಗ ಬೆಳಕಿನ ಬಲೆಗಳು ಬಂದಿವೆ. ಆದರೂ ಬಲೆಯ ಲೆಕ್ಕವನ್ನು ಒರೆಗೆ ಹಚ್ಚುವುದು ಬರಿಗಾಲಲ್ಲಿ ಕೂತವರ ಲೆಕ್ಕದೊಡನೆಯೇ. ಕೈತಪ್ಪಿದ ಒಂದು ಸೊಳ್ಳೆಯಿಂದ ಅವರಿಗೇ ಜ್ವರ ಬರಬಹುದು. ಅದಕ್ಕೆಂದೇ ಮುನ್ನೆಚ್ಚರಿಕೆಯ ಮಾತ್ರೆ ಕೊಡುತ್ತಾರೆ. ಹುಸೇನ್ ಖಾನರ ಹೆಸರಾದರೂ ಉಳಿಯಿತು. ಇವರು ವರದಿಗಳಲ್ಲಿ ಭಾಜಕದ ಒಂದು ಅಂಕಿಯಾಗಿ ನಿಲ್ಲುತ್ತಾರೆ. ನಾವು ನೆಮ್ಮದಿಯಾಗಿ ನಿದ್ರಿಸಲೆಂದು ಎಚ್ಚರವಿದ್ದವರು ಅವರು ಎಂಬುದನ್ನು ಮರೆಯಲಾಗದು.