ನೂಲಿನ ತುದಿ ಯಾರ ಕೈಯಲ್ಲಿ?

ಹೊನ್ನಾಳಿ–ನ್ಯಾಮತಿ ಸೀಮೆಯ ಗೋವಿನಕೋವಿ ಮತ್ತು ಅದರ ಆಸುಪಾಸಿನ ಊರುಗಳಲ್ಲಿ ಮದುವೆ ಹಿಂದೆ ಒಂದು ಹೊತ್ತಿನ ಬಾಬತ್ತಾಗಿರಲಿಲ್ಲ. ವೀಳ್ಯ ಶಾಸ್ತ್ರದಲ್ಲಿ ಮಾತು ಗಟ್ಟಿಯಾಯಿತೆಂದರೆ ಹಂದರಗಂಬ, ಎಣ್ಣೆ–ಅರಿಶಿಣ, ಐರಣಿ, ಸುರಗಿ, ಧಾರೆ, ಭೂಮದೂಟ ಎಂದು ಒಂದೊಂದೇ ಶಾಸ್ತ್ರ ಸಾಲುಗಟ್ಟಿ ಬರುತ್ತಿತ್ತು. ಪುರೋಹಿತರೋ ಅಯ್ಯನವರೋ ಮುಹೂರ್ತ ಹೇಳಿದರೂ, ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕವೆಲ್ಲ ಮನೆಯ ಹಿರಿಯ ಮುತ್ತೈದೆಯರ ಬಾಯಲ್ಲಿತ್ತು. ಆ ಲೆಕ್ಕದ ನಡುವೆ ಒಂದು ಹತ್ತಿಯ ಎಳೆ ಓಡಾಡುತ್ತಿತ್ತು.

ಸುರಗಿಯಲ್ಲಿ ಅದನ್ನು ನೋಡಬಹುದು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಅಥವಾ ಕೊಡ ಇಟ್ಟು, ಅವುಗಳ ಕೊರಳಿಗೆ ಹಸಿ ನೂಲನ್ನು ಸುತ್ತಿ ಒಂದು ಚೌಕ ಮಾಡುತ್ತಾರೆ. ಮದುಮಕ್ಕಳನ್ನು ಅದರೊಳಗೆ ಕೂರಿಸಿ ನೀರು ಎರೆಯುತ್ತಾರೆ. ಹಲವು ಮನೆತನಗಳಲ್ಲಿ ಆ ನೂಲನ್ನೇ ಬಿಚ್ಚಿ, ಅರಿಶಿಣ ಹಚ್ಚಿ, ಅರಿಶಿಣದ ಕೊಂಬು ಸೇರಿಸಿ ಕಂಕಣ ಹೊಸೆಯುತ್ತಾರೆ. ವರನ ಬಲಗೈಗೊಂದು, ವಧುವಿನ ಎಡಗೈಗೊಂದು. ಇಬ್ಬರನ್ನೂ ಒಳಗಿಟ್ಟುಕೊಂಡಿದ್ದ ಚೌಕ ಹೀಗೆ ಎರಡು ಮಣಿಕಟ್ಟುಗಳಿಗೆ ಹಂಚಿಹೋಗುತ್ತದೆ. 1884ರಲ್ಲಿ ಪ್ರಕಟವಾದ ಧಾರವಾಡ ಜಿಲ್ಲೆಯ ಗೆಜೆಟಿಯರ್ ಬರೆದವರಿಗೂ ಈ ಸುರಗಿ ಕಣ್ಣಿಗೆ ಬಿದ್ದಿತ್ತು. ಹೊನ್ನಾಳಿ ತಾಲ್ಲೂಕಿನ ಗಡಿ ದಾಟಿದರೆ ಸಿಗುತ್ತಿದ್ದದ್ದು ಅದೇ ಧಾರವಾಡ ಜಿಲ್ಲೆಯ ಹಳ್ಳಿಗಳು. ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬೈ ಪ್ರಾಂತ್ಯ: ಸರ್ಕಾರ ಬೇರೆ, ಶಾಸ್ತ್ರ ಒಂದೇ.

ಕಂಕಣ ಕಟ್ಟಿದ ಮೇಲೆ ಕಾಲದ ಲೆಕ್ಕ ಬದಲಾಗುತ್ತದೆ. ಮದುಮಕ್ಕಳು ಊರಿನ ಎಲ್ಲೆ ದಾಟುವಂತಿಲ್ಲ. ಬಂಧುಗಳಲ್ಲಿ ಸಾವಾದರೂ ಅವರಿಗೆ ಸೂತಕ ತಟ್ಟುವುದಿಲ್ಲ, ಮದುವೆ ನಿಲ್ಲುವುದಿಲ್ಲ. ಹತ್ತಾರು ಊರುಗಳಿಂದ ನೆಂಟರು ಗಾಡಿ ಕಟ್ಟಿಕೊಂಡು ಬಂದಿರುವಾಗ, ಅಕ್ಕಿ ಬೇಳೆ ಒಟ್ಟಿರುವಾಗ, ಎಲ್ಲೋ ಒಂದು ಸಾವಿನ ಸುದ್ದಿ ಇಡೀ ಏರ್ಪಾಡನ್ನು ಮುರಿಯದಿರಲಿ ಎಂಬ ವ್ಯವಹಾರ ಬುದ್ಧಿಯೂ ಈ ಕಟ್ಟಳೆಯಲ್ಲಿ ಕಾಣುತ್ತದೆ. ಕಂಕಣ ಬಿಚ್ಚುವ ಶಾಸ್ತ್ರವಾಗುವವರೆಗೆ ಮದುವೆ ಮುಗಿದಂತಲ್ಲ.

ಈ ಕಟ್ಟಳೆ ಮದುವೆಗಷ್ಟೇ ಸೀಮಿತವಲ್ಲ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿಯೂ ಮೊದಲು ಹಂದರಗಂಬದ ಪೂಜೆ, ಆಮೇಲೆ ಕಂಕಣಧಾರಣೆ, ಊರಿಗೆ ಸಾರು ಹಾಕುವುದು. ಮದುವೆ ಮನೆ ತನ್ನ ಮಕ್ಕಳಿಗೆ ಮಾಡುವುದನ್ನೇ ಊರು ತನ್ನ ದೇವಿಗೆ ಮಾಡುತ್ತದೆ.

ಸಿದ್ಧತೆಯಲ್ಲಿ ಊರಿನ ಕಸುಬುದಾರರೆಲ್ಲರಿಗೂ ಪಾಲಿತ್ತು. ಐರಣಿಯ ಮಡಕೆಗಳಿಗೆ ಕುಂಬಾರರ ಮನೆಗೆ ಎಲೆ, ಅಡಿಕೆ, ಅಕ್ಕಿ ಹಿಡಿದು ವಾದ್ಯದ ಸಮೇತ ಹೋಗಬೇಕು. ನಡೆಮಡಿ ಹಾಸುವವರು ಮಡಿವಾಳರು. ಬಾಸಿಂಗಕ್ಕೆ ಒಬ್ಬರು, ಹಸೆಮಣೆಗೆ ಬಡಗಿ, ತಾಳಿಗೆ ಅಕ್ಕಸಾಲಿ. ಇವರಲ್ಲಿ ಯಾರೊಬ್ಬರು ಮುನಿಸಿಕೊಂಡರೂ ಶಾಸ್ತ್ರ ಕುಂಟುತ್ತಿತ್ತು. ಹಾಗಾಗಿ ಮದುವೆಯ ಯಜಮಾನ ಆಯಗಾರರ ಪಾಲನ್ನು ಬೀಗರ ಉಡುಗೊರೆಯಷ್ಟೇ ಎಚ್ಚರದಿಂದ ಎತ್ತಿಡುತ್ತಿದ್ದ. ಜಾತಿಯ ಮೇಲುಕೀಳನ್ನು ದಿನವೂ ನೆನಪಿಸುತ್ತಿದ್ದ ವ್ಯವಸ್ಥೆಯೂ ಇದೇ: ಕುಂಬಾರರ ಮಡಕೆ ದೇವರ ಕೋಣೆಗೆ ಹೋಗುತ್ತಿತ್ತು, ಕೆಲವು ಕಸುಬಿನವರು ಹಂದರದ ಹೊರಗೇ ನಿಲ್ಲಬೇಕಿತ್ತು.

ನೂಲು ಯಾವುದು ಎಂಬುದೂ ಸಣ್ಣ ಪ್ರಶ್ನೆಯಾಗಿರಲಿಲ್ಲ. ಕುರುಬ ಸಮುದಾಯದಲ್ಲಿ ಹತ್ತಿ ಕಂಕಣದವರು, ಉಣ್ಣೆ ಕಂಕಣದವರು ಎಂಬ ಎರಡು ಪಂಗಡಗಳೇ ಇವೆ. ಮದುವೆಯಲ್ಲಿ ಕೈಗೆ ಕಟ್ಟುವ ದಾರದ ಮೇಲೆಯೇ ಈ ವಿಂಗಡಣೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಕುರಿತು ಏಳು ಸಂಪುಟ ಹೊರತಂದಾಗ ಇದನ್ನು ದಾಖಲಿಸಿದ. ಸಮುದಾಯದ ಐತಿಹ್ಯದಲ್ಲಿ ಇದರ ಮೂಲ ಉಂಡಾಡು ಪದ್ಮಣ್ಣನವರೆಗೆ ಹೋಗುತ್ತದೆ. ಹುತ್ತದಿಂದ ಕುರಿಗಳು ಹೊರಬಂದ ಕಥೆಯ ನಾಯಕ ಅವನು. ಅವನ ಇಬ್ಬರು ಹೆಂಡಿರ ಮಕ್ಕಳಿಂದ ಎರಡು ಕವಲು ಹುಟ್ಟಿದವು ಎನ್ನುತ್ತಾರೆ. ಕಥೆ ಏನೇ ಇರಲಿ, ಈ ಸೀಮೆಯ ಭೂಗೋಳಕ್ಕೆ ಅದು ಒಪ್ಪುತ್ತದೆ. ಜಗಳೂರಿನ ಒಣನೆಲದಲ್ಲಿ ಕುರಿ ಮತ್ತು ಕಂಬಳಿ. ದಾವಣಗೆರೆ ಸುತ್ತಿನ ಎರೆಹೊಲಗಳಲ್ಲಿ ಹತ್ತಿ. 1936ರಲ್ಲಿ ದಾವಣಗೆರೆ ಕಾಟನ್ ಮಿಲ್ ಆರಂಭವಾದ ಮೇಲೆ ಗಿರಣಿಯ ನೂಲಿಗೆ ಬರವಿರಲಿಲ್ಲ.

ಲಿಂಗಾಯತರ ಮನೆಗಳಲ್ಲಿ ಎಳೆಗೆ ಇನ್ನೊಂದು ಕೆಲಸವಿತ್ತು. ವೀರಶೈವ ಪದ್ಧತಿಯ ಮದುವೆಯಲ್ಲಿ ಪಂಚಾಚಾರ್ಯರ ಹೆಸರಿನಲ್ಲಿ ಐದು ಕಳಸ ಹೂಡುತ್ತಾರೆ. ಅವುಗಳನ್ನು ಬಳಸಿ ಬರುವ ದಾರವೇ ಗುರುಸೂತ್ರ. ಅದರ ಒಂದು ತುದಿ ಗುರುವಿನ ಬಳಿ, ಇನ್ನೊಂದು ವಧೂವರರ ಬಳಿ. ಗಂಡು ಹೆಣ್ಣಿನ ಗಂಟಿನಲ್ಲಿ ಮೂರನೆಯವರೊಬ್ಬರು ಸೇರಿರುವುದನ್ನು ಇಷ್ಟು ನೇರವಾಗಿ ತೋರಿಸುವ ಶಾಸ್ತ್ರ ಅಪರೂಪ.

ನ್ಯಾಮತಿ ತಾಲ್ಲೂಕಿನಲ್ಲೇ ಇರುವ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರ ಯಾತ್ರಾಸ್ಥಳ. ಲಂಬಾಣಿ ತಾಂಡಾಗಳ ಹಳೆಯ ಮದುವೆಯಲ್ಲಿ ಹೆಣ್ಣು ಗಂಡು ಕೈ ಹಿಡಿದುಕೊಂಡು, ನೆಲಕ್ಕೆ ನೆಟ್ಟ ಒನಕೆಗಳ ಸುತ್ತ ಏಳು ಸುತ್ತು ಬರುತ್ತಿದ್ದರು, ಹೆಂಗಸರು ಹಾಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ಬರಹಗಳು ಇದನ್ನು ವಿವರಿಸುತ್ತವೆ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿ ಊರೂರು ತಿರುಗಿದ ಜನಕ್ಕೆ ಹೋದಲ್ಲೆಲ್ಲ ಸಿಗುವ ಒನಕೆಯೇ ಮದುವೆಯ ಕಂಬವಾದದ್ದರಲ್ಲಿ ಸೋಜಿಗವಿಲ್ಲ.

ಗ್ರಂಥಗಳು ಹೇಳುವುದು ಕೈಯ ವಿಷಯ. ಆಶ್ವಲಾಯನ ಗೃಹ್ಯಸೂತ್ರದ ಪಾಣಿಗ್ರಹಣದಲ್ಲಿ ವರ ಹೆಬ್ಬೆರಳು ಹಿಡಿದರೆ ಗಂಡು ಮಕ್ಕಳು, ಉಳಿದ ಬೆರಳು ಹಿಡಿದರೆ ಹೆಣ್ಣು ಮಕ್ಕಳು, ಹೆಬ್ಬೆರಳ ಸಮೇತ ಇಡೀ ಕೈ ಹಿಡಿದರೆ ಇಬ್ಬರೂ ಎಂಬ ಎಣಿಕೆಯಿದೆ. ಹಳ್ಳಿಯ ಧಾರೆಯಲ್ಲಿ ಈ ಬೆರಳ ಲೆಕ್ಕವಿಲ್ಲ. ಹೆಣ್ಣು ಗಂಡಿನ ಕೈ ಕೂಡಿಸಿ, ಹೆತ್ತವರು ಹಾಲೋ ನೀರೋ ಎರೆಯುತ್ತಾರೆ. ಬಂಧುಬಳಗ ಸರದಿಯಲ್ಲಿ ಬಂದು ತಾವೂ ಧಾರೆ ಎರೆದು ಮುಯ್ಯಿ ಇಡುತ್ತದೆ. ಹೊಸ ಸಂಸಾರಕ್ಕೆ ಮೊದಲ ಬಂಡವಾಳ ಅದೇ. ಮುಯ್ಯಿ ಬರೆದಿಟ್ಟ ಪುಸ್ತಕ ಮುಂದಿನ ಮದುವೆಯಲ್ಲಿ ಸಾಲದ ಖಾತೆಯಂತೆ ಹೊರಬರುತ್ತದೆ.

ದೂರದ ಸ್ಕಾಟ್ಲೆಂಡ್‌ನಲ್ಲೂ ಕೈ ಕೂಡಿಸುವ ಮದುವೆಯಿತ್ತು. ಹ್ಯಾಂಡ್‌ಫಾಸ್ಟಿಂಗ್ ಎಂಬ ಈ ರೂಢಿ ಮೂಲತಃ ಕೈ ಹಿಡಿದು ಕೊಡುವ ಮಾತು. ಪಾದ್ರಿ ಇಲ್ಲದೆಯೂ ಅಂಥ ಒಪ್ಪಂದ ಕಾನೂನಿನಲ್ಲಿ ನಿಲ್ಲುತ್ತಿತ್ತು. 1939ರ ಕಾಯ್ದೆ ಅದನ್ನು ನಿಲ್ಲಿಸಿತು. ಒಂದು ವರ್ಷ ಒಂದು ದಿನದ ‘ಪರೀಕ್ಷೆಯ ಮದುವೆ’ ಎಂಬ ಕಲ್ಪನೆ ಜನಪ್ರಿಯವಾಗಲು ವಾಲ್ಟರ್ ಸ್ಕಾಟ್‌ನ 1820ರ ಕಾದಂಬರಿ ‘ದಿ ಮೊನಾಸ್ಟರಿ’ ದೊಡ್ಡ ಕಾರಣ. ಇಂದು ಅಲ್ಲಿನ ಮದುವೆಗಳಲ್ಲಿ ಕೈಗೆ ಬಣ್ಣದ ಹಗ್ಗ ಸುತ್ತುವುದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಹೊಸ ಶಾಸ್ತ್ರ. ಅಲ್ಲಿ ದಾರವನ್ನು ಹೊಸದಾಗಿ ತರಬೇಕಾಯಿತು. ತುಂಗಭದ್ರೆಯ ದಡದಲ್ಲಿ ಅದು ಕೈ ಬಿಟ್ಟೇ ಇರಲಿಲ್ಲ.

ಆದರೆ ಇಲ್ಲಿಯೂ ಗಂಟಿಗೆ ಸರ್ಕಾರ ಕೈ ಹಾಕಿತು. ಹೊನ್ನಾಳಿ ಆಗ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1894ರಲ್ಲಿ ಸಂಸ್ಥಾನ ಶಿಶುವಿವಾಹ ತಡೆಯುವ ಕಾನೂನು ತಂದು, ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವಂತಿರಲಿಲ್ಲ. ಇಂದಿನ ಕಣ್ಣಿಗೆ ಅಂಜಿಕೆಯ ಹೆಜ್ಜೆಯೇ. ಆದರೂ ಗಡಿಯಾಚೆಯ ಮುಂಬೈ ಪ್ರಾಂತ್ಯದ ಹಳ್ಳಿಗಳಿಗೆ ಮದುವೆಯ ವಯಸ್ಸಿನ ಕಾನೂನು ಮುಟ್ಟಲು 1930ರ ಏಪ್ರಿಲ್‌ವರೆಗೆ, ಅಂದರೆ ಶಾರದಾ ಕಾಯ್ದೆ ಜಾರಿಯಾಗುವವರೆಗೆ ಕಾಯಬೇಕಾಯಿತು. ಹೆಣ್ಣು ಕೊಟ್ಟು ತರುವ ಬಳಕೆಯಿದ್ದ ಎರಡು ಊರುಗಳ ನಡುವೆ ಮೂವತ್ತಾರು ವರ್ಷ ಎರಡು ಕಾನೂನು.

1955ರ ಹಿಂದೂ ವಿವಾಹ ಕಾಯ್ದೆ ಒಂದು ವಿವೇಕ ತೋರಿಸಿತು. ಅದರ ಏಳನೆಯ ಕಲಮಿನ ಪ್ರಕಾರ ವಧು ಅಥವಾ ವರ, ಯಾರದೇ ಕಡೆಯ ರೂಢಿಯ ಶಾಸ್ತ್ರಗಳಂತೆ ಮದುವೆ ನಡೆಯಬಹುದು. ಸಪ್ತಪದಿ ಆ ರೂಢಿಯ ಭಾಗವಾಗಿದ್ದರೆ ಮಾತ್ರ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ಹೀಗೆ ಧಾರೆಯ ನೀರಿಗೂ ತಾಂಡಾದ ಒನಕೆಗೂ ಒಂದೇ ಕಾಯ್ದೆಯಲ್ಲಿ ಜಾಗ ಸಿಕ್ಕಿತು.

ಎಳೆಯ ತುದಿಯನ್ನು ಪುರೋಹಿತರ ಕೈಯಿಂದ ಬಿಡಿಸುವ ಯತ್ನವೂ ನಡೆಯಿತು. ಕುವೆಂಪು ರೂಪಿಸಿದ ‘ಮಂತ್ರ ಮಾಂಗಲ್ಯ’ದಲ್ಲಿ ಕನ್ನಡದ ಮಾತಿನಲ್ಲೇ ಮದುವೆ, ಆಡಂಬರವಿಲ್ಲ, ವರದಕ್ಷಿಣೆಯಿಲ್ಲ, ಮುಹೂರ್ತದ ಹಂಗಿಲ್ಲ. ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು 1966ರಲ್ಲಿ ಅವರು ಇದೇ ಕ್ರಮದಲ್ಲಿ ನೆರವೇರಿಸಿದರು. ಖರ್ಚಿನ ಹೊರೆ ಇಳಿಸಲು ಬೇರೆ ದಾರಿ ಹಿಡಿದವರೂ ಇದ್ದರು. ಧರ್ಮಸ್ಥಳದಲ್ಲಿ 1972ರಲ್ಲಿ ಸಾಮೂಹಿಕ ವಿವಾಹ ಆರಂಭವಾಯಿತು. ಬಯಲುಸೀಮೆಯ ಹಲವು ಮಠಗಳ ಅಂಗಳದಲ್ಲಿಯೂ ಒಂದೇ ಹಂದರದಡಿ ಹತ್ತಾರು ಜೋಡಿಗಳ ಮದುವೆ ವಾಡಿಕೆಯಾಯಿತು. ಕೆಲವೆಡೆ ಮಂತ್ರದ ಜಾಗಕ್ಕೆ ವಚನಗಳು ಬಂದವು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಸೇರಿದವು. ಈಗ ಈ ಊರುಗಳ ಮದುವೆಗಳು ಹೆಚ್ಚಾಗಿ ಕಲ್ಯಾಣ ಮಂಟಪಕ್ಕೆ ಹೋಗಿವೆ. ಮಂಟಪ ಸಿಗುವ ದಿನಕ್ಕೆ ಮುಹೂರ್ತ ಹೊಂದಿಸುತ್ತಾರೆ. ಐರಣಿ ಮಡಕೆ, ಬಾಸಿಂಗ, ಕಂಕಣ ಎಲ್ಲವೂ ಗ್ರಂದಿಗೆ ಅಂಗಡಿಯಲ್ಲಿ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ಸುರಗಿ ಮಂಟಪದ ಹಿತ್ತಿಲಿಗೆ ಸರಿದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಎಲ್ಲೆ ದಾಟಬಾರದೆಂಬ ಕಟ್ಟಳೆ ಹೆಚ್ಚು ಸಡಿಲಗೊಂಡಿದೆ: ಬೆಂಗಳೂರಿನಲ್ಲಿ ಕೆಲಸವಿರುವ ಮದುಮಕ್ಕಳ ರಜೆ ಮುಗಿಯುವ ಮುನ್ನವೇ ಮನೆದೇವರ ಮುಂದೆ ಕಂಕಣ ಬಿಚ್ಚಿಸಿ, ನೋಂದಣಿ ಕಚೇರಿಗೆ ಬೇಕಾದ ಫೋಟೊ, ಲಗ್ನಪತ್ರಿಕೆಗಳನ್ನು ಕೈಗಿಟ್ಟು ಹಿರಿಯರು ಅವರನ್ನು ಬಸ್ಸು ಹತ್ತಿಸುತ್ತಾರೆ.