ಹಳೆಯ ತಂಬೂರಿಗೆ ಹೊಸ ಬಣ್ಣ ಬೇಕೇ?

ಗೊರೂರು ಎಂದೊಡನೆ ಕನ್ನಡ ಓದುಗರಿಗೆ ಹೇಮಾವತಿ ನದಿಯೂ ರಾಮಸ್ವಾಮಿ ಅಯ್ಯಂಗಾರರ ಬರಹಗಳೂ ಒಟ್ಟಿಗೇ ನೆನಪಾಗುತ್ತವೆ. ಅದೇ ಹಾಸನ ಜಿಲ್ಲೆಯಲ್ಲಿ, ಗೊರೂರಿನಿಂದ ದಕ್ಷಿಣಕ್ಕೆ ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ಮೇಲೆ ರುದ್ರಪಟ್ಟಣವಿದೆ. ಊರು ಚಿಕ್ಕದು, ಹೆಸರು ದೊಡ್ಡದು. ಆರ್.ಕೆ. ಶ್ರೀಕಂಠನ್ (1920-2014) ಹುಟ್ಟಿದ ಊರಿದು. ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ ಮುಂತಾದವರ ಮೂಲವೂ ಇದೇ. ಪದ್ಮನಾಭ ಅವರು ಈ ಊರಿನಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಸಪ್ತಸ್ವರ ಮಂದಿರವನ್ನು ಕಟ್ಟಿಸಿದ್ದಾರೆ. ಹಾಡುಗಾರರ ಊರೊಂದು ತನ್ನ ಗುರುತಿಗೆ ಹಾಡುಗಾರನ ವಿಗ್ರಹವನ್ನಲ್ಲ, ಅವನ ಹಿಂದೆ ಕುಳಿತು ಮೀಟಿಸಿಕೊಳ್ಳುವ ವಾದ್ಯವನ್ನು ಆರಿಸಿಕೊಂಡಿತಲ್ಲ, ಅದು ಸಣ್ಣ ಮಾತಲ್ಲ.

ಇಟ್ಟಿಗೆ ಸಿಮೆಂಟಿನ ತಂಬೂರಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿದರೆ ತಪ್ಪೇನೂ ಇಲ್ಲ. ಆದರೆ ಮನೆಗಳಲ್ಲಿ ಉಳಿದಿರುವ ನಿಜವಾದ ಹಳೆಯ ತಂಬೂರಿಗಳ ಗತಿ ಏನು? ಅಜ್ಜನ ಕಾಲದ ತಂಬೂರಿಯೊಂದು ಅಟ್ಟದಿಂದ ಕೆಳಗಿಳಿಯುತ್ತದೆ. ಬಣ್ಣ ಮಾಸಿದೆ, ಬಿರಡೆ ಜಾರುತ್ತಿದೆ, ಕುದುರೆಯ ಮೇಲೆ ತಂತಿ ಕೊರೆದ ಗೀರುಗಳಿವೆ. ಮನೆಯವರಲ್ಲಿ ಒಬ್ಬರು ಚೆನ್ನಾಗಿ ಉಜ್ಜಿಸಿ ಪಾಲಿಶ್ ಹೊಡೆಸೋಣ ಎನ್ನುತ್ತಾರೆ. ಇನ್ನೊಬ್ಬರು, ಇದಕ್ಕೆ ಮೈಕ್ ಕೂರಿಸಿದರೆ ಕಚೇರಿಗೂ ಆದೀತು ಎನ್ನುತ್ತಾರೆ. ಮತ್ತೊಬ್ಬರು ಮುಟ್ಟಲೇಬೇಡಿ ಎನ್ನುತ್ತಾರೆ. ಈ ಮೂರು ಮಾತಿನಲ್ಲಿ ಯಾವುದು ಸರಿ? ಇದನ್ನು ನಿರ್ಧರಿಸಬೇಕಾದರೆ ವಾದ್ಯಗಳ ಚರಿತ್ರೆಯನ್ನೂ ಅವುಗಳನ್ನು ಮಾಡಿದ ಕೈಗಳ ಚರಿತ್ರೆಯನ್ನೂ ಸ್ವಲ್ಪ ನೋಡಬೇಕಾಗುತ್ತದೆ.

ದಕ್ಷಿಣದ ತಂಬೂರಿ ಹೆಚ್ಚಾಗಿ ಹಲಸಿನ ಮರದ್ದು. ಅದರ ಬುರುಡೆಯೂ ಮರವೇ. ಹಿಂದೂಸ್ತಾನಿ ಗಾಯಕರ ತಂಬೂರಿಯ ಬುರುಡೆ ಮಾತ್ರ ಒಣಗಿಸಿದ ದೊಡ್ಡ ಸೋರೆಕಾಯಿ. ಈ ಎರಡನೆಯ ಬಗೆಯ ತಂಬೂರಿ ಎಂದೊಡನೆ ನೆನಪಾಗುವ ಊರು ಮೀರಜ್. ಇಂದು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದ್ದರೂ ನಮ್ಮ ಬೆಳಗಾವಿ ಜಿಲ್ಲೆಯ ಬಾಗಿಲಲ್ಲೇ ಇದೆ. ಧಾರವಾಡ, ಹುಬ್ಬಳ್ಳಿಗಳ ಸಂಗೀತಕ್ಕೂ ಮೀರಜ್‌ಗೂ ಇರುವ ನಂಟು ಗಡಿರೇಖೆಗಿಂತ ಹಳೆಯದು.

ಮೀರಜ್‌ನಲ್ಲಿ ಈ ವಾದ್ಯಗಳನ್ನು ಮಾಡುವವರು ಶಿಕಲಗಾರ ಮುಸ್ಲಿಮರು. ಅವರ ಪೂರ್ವಿಕರ ಕಸುಬು ಕತ್ತಿ, ಬಾಕು, ಭರ್ಜಿಗಳನ್ನು ಮಸೆದು ಹೊಳಪು ಕೊಡುವುದು. ಆ ಹೆಸರಿನ ಬೇರಿನಲ್ಲೇ ಹೊಳಪು ಕೊಡುವವನು ಎಂಬ ಅರ್ಥವಿದೆ. ಅರಬ್ಬಿಯ ಅದೇ ಪದವನ್ನು ಸೂಫಿಗಳು ಹೃದಯವೆಂಬ ಕನ್ನಡಿಯನ್ನು ಉಜ್ಜಿ ಬೆಳಗುವುದಕ್ಕೂ ಬಳಸಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಆಳ್ವಿಕೆ ಗಟ್ಟಿಯಾಗುತ್ತಾ ಸಂಸ್ಥಾನಗಳ ಸೈನ್ಯಗಳು ಕರಗಿದವು, ಆಯುಧಗಳಿಗೆ ಬೇಡಿಕೆ ಇಲ್ಲವಾಯಿತು. ಮೀರಜ್ ಪಟವರ್ಧನ ಅರಸರ ಸಂಸ್ಥಾನ, ಅಲ್ಲಿ ಸಂಗೀತಕ್ಕೆ ಆಶ್ರಯವಿತ್ತು. ಆ ಶತಮಾನದ ಮಧ್ಯಭಾಗದಲ್ಲಿ ಫರೀದ್‌ಸಾಹೇಬ್ ಎಂಬ ಕುಶಲಕರ್ಮಿಯಿಂದ ಅಲ್ಲಿ ಸಿತಾರ್, ತಂಬೂರಿಗಳ ತಯಾರಿಕೆ ಶುರುವಾಯಿತು. ಕತ್ತಿ ಹಿಡಿದಿದ್ದ ಕೈಗೆ ಸೋರೆ ಬುರುಡೆ ಬಂತು. ಭೀಮಾ ತೀರದ ಪಂಢರಪುರದ ಕಡೆಯಿಂದ ಬರುವ ಬುರುಡೆ, ತೂನ್ ಮರದ ದಂಡಿ, ಮೂಳೆ ಅಥವಾ ಕೊಂಬಿನ ಕುದುರೆ. ವಿಠ್ಠಲನ ಊರಿನ ರೈತ ಬೆಳೆದ ಕಾಯಿ ಮುಸ್ಲಿಂ ಕುಶಲಕರ್ಮಿಯ ಕೈಯಲ್ಲಿ ವಾದ್ಯವಾಗಿ, ಎಲ್ಲ ಜಾತಿ ಧರ್ಮಗಳ ಗಾಯಕರಿಗೆ ಶ್ರುತಿ ಕೊಟ್ಟಿದೆ. 2024ರಲ್ಲಿ ಮೀರಜ್‌ನ ಸಿತಾರ್‌ಗೂ ತಂಬೂರಿಗೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ನೆಲೆಸಿದ್ದೂ ಇದೇ ಮೀರಜ್‌ನಲ್ಲಿ. ಅವರು ಮೈಸೂರು ಅರಮನೆಯಲ್ಲಿ ಹಾಡಿದವರು, ಕರ್ನಾಟಕ ಸಂಗೀತವನ್ನು ಗೌರವದಿಂದ ಕಲಿತವರು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರವರೆಗೆ ಆ ಧಾರೆ ಹರಿಯಿತು. ಈ ಘರಾಣೆಯ ಹೆಗ್ಗಳಿಕೆ ಸ್ವರಶುದ್ಧಿ. ಸರಿಯಾಗಿ ಶ್ರುತಿ ಮಾಡಿದ ತಂಬೂರಿ ಇಲ್ಲದೆ ಆ ಸ್ವರಶುದ್ಧಿಗೆ ನೆಲೆಯಿಲ್ಲ. 1937ರಲ್ಲಿ ತೀರಿಕೊಂಡ ಉಸ್ತಾದರನ್ನು ಮೀರಜ್‌ನ ಖ್ವಾಜಾ ಶಮ್ನಾ ಮೀರಾ ದರ್ಗಾದ ಆವರಣದಲ್ಲಿ ದಫನ ಮಾಡಲಾಯಿತು. ಅಲ್ಲಿ ಉರೂಸಿನ ಹೊತ್ತಿಗೆ ಸಂಗೀತೋತ್ಸವ ನಡೆಯುತ್ತಾ ಬಂದಿದೆ.

ಈಗ ಮೂಲ ಪ್ರಶ್ನೆಗೆ ಬರೋಣ. ತಂಬೂರಿಯಲ್ಲಿ ಯಾವುದು ಸವೆಯಬೇಕಾದದ್ದು, ಯಾವುದು ಉಳಿಯಬೇಕಾದದ್ದು? ತಂತಿ ಸವೆಯುವಂಥದ್ದು, ಬದಲಿಸಲೇಬೇಕು. ಕುದುರೆಯೂ ಸವೆಯುತ್ತದೆ. ತಂಬೂರಿಯ ಕುದುರೆ ಪಿಟೀಲಿನದರಂತೆ ಚೂಪಲ್ಲ, ಅಗಲವಾಗಿ ತುಸು ಬಾಗಿದ ಹಾಸಿನಂತಿರುತ್ತದೆ. ತಂತಿ ಆ ಹಾಸನ್ನು ಸವರುತ್ತಾ ಕಂಪಿಸುವುದರಿಂದಲೇ ಆ ಝೇಂಕಾರ ಹುಟ್ಟುತ್ತದೆ. ಸರ್ ಸಿ.ವಿ. ರಾಮನ್ 1921ರ ಒಂದು ಪ್ರಬಂಧದಲ್ಲಿ ಇದನ್ನು ವಿವರಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿಗೆ ಹೊಂದುವ ಕೆಲವು ಉಪಸ್ವರಗಳು ಕೇಳಿಸಬಾರದು ಎನ್ನುತ್ತದೆ ಹಳೆಯ ನಿಯಮ. ವೀಣೆ, ತಂಬೂರಿಗಳಲ್ಲಿ ಅವು ಕೇಳಿಸುತ್ತವೆ, ಕಾರಣ ಈ ಕುದುರೆ. ತಂತಿಗೂ ಕುದುರೆಗೂ ನಡುವೆ ಇಡುವ ಹತ್ತಿಯ ಎಳೆಗೆ ನಮ್ಮಲ್ಲಿ ಜೀವಾಳಿ ಎನ್ನುತ್ತಾರೆ. ಎಳೆ ಕೂದಲಷ್ಟು ಸರಿದರೂ ನಾದ ಹೋಗುತ್ತದೆ, ಸರಿಯಾದ ಜಾಗಕ್ಕೆ ಬಂದರೆ ಜೀವ ಬರುತ್ತದೆ. ಕುದುರೆಯನ್ನು ಅರದಿಂದ ಉಜ್ಜಿ ಮತ್ತೆ ಹದ ಮಾಡುವುದು ಜವಾರಿಯ ಕೆಲಸ. ಅದು ರಿಪೇರಿಯಲ್ಲ, ವಾದ್ಯದ ಆಯುಸ್ಸಿನಲ್ಲೇ ಸೇರಿರುವ ಸೇವೆ. ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುವುದೂ ಕಾಲಕಾಲಕ್ಕೆ ಕಿತ್ತು ಮತ್ತೆ ಕೂರಿಸಲೆಂದೇ. ಇಂಥದ್ದನ್ನು ಮುಟ್ಟಬೇಡಿ ಎನ್ನುವವರು ವಾದ್ಯವನ್ನು ಕಾಪಾಡುತ್ತಿಲ್ಲ, ಅದರ ಬಾಯಿ ಕಟ್ಟುತ್ತಿದ್ದಾರೆ.

ಮರದ ವಿಷಯ ಹಾಗಲ್ಲ. ಒಮ್ಮೆ ಉಜ್ಜಿ ತೆಗೆದ ಮರ ಮತ್ತೆ ಬರುವುದಿಲ್ಲ. ಮುಖದ ಹಲಗೆ ತೆಳುವಾಗಿರುವುದು ಕಂಪಿಸಲೆಂದು. ಅದನ್ನು ಪಾಲಿಶ್ ಪೇಪರಿನಿಂದ ಇನ್ನಷ್ಟು ತೆಳುವು ಮಾಡಿದರೂ ಕೆಡುಕು, ಅದರ ಮೇಲೆ ದಪ್ಪ ಪಾಲಿಯುರೆಥೇನ್ ಬಳಿದು ಬಿಗಿ ಮಾಡಿದರೂ ಕೆಡುಕು. ಹಿಂದಿನವರು ಬಳಸುತ್ತಿದ್ದದ್ದು ಅರಗು. ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಿಂದ ತೆಳುವಾಗಿ ಹಚ್ಚುವುದು. ಬೇಡವಾದರೆ ಸ್ಪಿರಿಟ್‌ನಿಂದಲೇ ಬಿಡುತ್ತದೆ. ಅಂಟಿಗೆ ಚರ್ಮದಿಂದ ಕಾಯಿಸಿದ ಸರೇಸು. ಬಿಸಿ, ಒದ್ದೆ ತಗುಲಿದರೆ ಬಿಡುತ್ತದೆ, ಮುಂದೆ ಬರುವವನು ಬಿಚ್ಚಿ ಸರಿಮಾಡಬಹುದು. ಮಲೆನಾಡಿನ ಅಂಚಿನ ಹಾಸನದಂಥ ಕಡೆ ಮಳೆಗಾಲದ ತೇವಕ್ಕೆ ಈ ಅಂಟು ಸಡಿಲವಾಗುವುದುಂಟು. ಅದು ದೋಷವೆಂದು ಎಪಾಕ್ಸಿ ತುಂಬುವವರಿದ್ದಾರೆ. ಎಪಾಕ್ಸಿ ಬಿಡುವುದಿಲ್ಲ. ಮತ್ತೊಮ್ಮೆ ಸೆಳೆತ ಬಂದಾಗ ಅಂಟಿನ ಬದಲು ಮರವೇ ಸೀಳುತ್ತದೆ.

ಅಲಂಕಾರದ ಮಾತೂ ಇದೆ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸ ಹೆಸರಾದದ್ದು, ಅದರ ಕುಶಲಕರ್ಮಿಗಳಲ್ಲಿ ಬಹಳ ಮಂದಿ ಮುಸ್ಲಿಮರು. ಹಳೆಯ ವೀಣೆ, ತಂಬೂರಿಗಳಲ್ಲಿ ದಂತದ ಪಟ್ಟಿಗಳೂ ಹೂಬಳ್ಳಿಗಳೂ ಸಿಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1986, 1991ರಲ್ಲಿ ಬಂದ ತಿದ್ದುಪಡಿಗಳಿಂದ ದಂತದ ವ್ಯಾಪಾರ ಪೂರ್ತಿ ನಿಂತಿದೆ, ನಿಲ್ಲಬೇಕಾದದ್ದೂ ಹೌದು. ಹಾಗಾಗಿ ಹಳೆಯ ವಾದ್ಯದ ದಂತದ ಪಟ್ಟಿಯೊಂದು ಮುರಿದರೆ ಅದೇ ವಸ್ತು ತಂದು ಕೂರಿಸುವ ದಾರಿ ಇಲ್ಲ. ಮೂಳೆಯನ್ನೋ ಪ್ಲಾಸ್ಟಿಕ್ಕನ್ನೋ ಹಾಕಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಇಲ್ಲಿ ಹೊಸದು ಸೇರಿದೆ ಎಂದು ಕಾಣುವಂತೆ ಮಾಡುವುದು, ಹಳೆಯದೆಂದು ನಟಿಸುವುದಕ್ಕಿಂತ ಪ್ರಾಮಾಣಿಕ.

ಹಾಗಾದರೆ ಹಳೆಯದೆಲ್ಲ ಇದ್ದಂತೆಯೇ ಇರಬೇಕೆ? ಚರಿತ್ರೆ ಹಾಗೆ ಹೇಳುವುದಿಲ್ಲ. ಇಟಲಿಯ ಕ್ರೆಮೋನಾದಲ್ಲಿ ಸ್ತ್ರಾದಿವಾರಿ (ಮರಣ 1737) ಮಾಡಿದ ಪಿಟೀಲುಗಳು ಲೋಕದಲ್ಲೇ ಬೆಲೆಬಾಳುವ ವಾದ್ಯಗಳು. ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಕತ್ತನ್ನೂ ಒಳಗಿನ ಪಟ್ಟಿಯನ್ನೂ ಮುಂದಿನ ತಲೆಮಾರುಗಳು ಬದಲಿಸಿವೆ. ದೊಡ್ಡ ಸಭಾಂಗಣಗಳು ಬಂದವು, ಹೆಚ್ಚು ಬಿಗಿಯ ತಂತಿ ಬೇಕಾಯಿತು, ವಾದ್ಯ ಹೊಂದಿಕೊಂಡಿತು. ಹೊಂದಿಕೊಂಡದ್ದರಿಂದಲೇ ಉಳಿಯಿತು. ಆದರೆ ಒಡಲಿನ ಮರವನ್ನೂ ಆ ವಾರ್ನಿಷನ್ನೂ ಬಲ್ಲವರು ಕೆರೆದು ತೆಗೆಯಲಿಲ್ಲ.

ನಮಗೆ ಹತ್ತಿರದ ಕಾಲದ ಉದಾಹರಣೆ ಎಲೆಕ್ಟ್ರಿಕ್ ಬಾಸ್ ಗಿಟಾರ್. ತಂಬೂರಿಯ ಮಂದ್ರದ ತಂತಿಯಂತೆ ಇದೂ ಹಾಡಿಗೆ ಕೆಳಗಿನಿಂದ ಆಧಾರ ಕೊಡುವ ನಾಲ್ಕು ತಂತಿಗಳ ವಾದ್ಯ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬಾಸ್‌ನಿಂದ ಇದು ಮನೆಮಾತಾಯಿತು. ಆ ಕಾಲದ ಫೆಂಡರ್ ವಾದ್ಯಗಳಿಗೆ ಹೆಚ್ಚಾಗಿ ತೆಳುವಾದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿಯುತ್ತಿದ್ದರು. 1960ರ ದಶಕದ ಕೊನೆಗೆ ಗಟ್ಟಿಯಾದ, ದಪ್ಪನೆಯ ಬಣ್ಣ ಬಂತು. ಇಂದು ಹಳೆಯ ಬಾಸ್ ಕೊಳ್ಳುವವರು ಮೊದಲು ಕೇಳುವುದು, ಬಣ್ಣ ಮೂಲದ್ದೇ ಎಂದು. ಮತ್ತೆ ಬಳಿದದ್ದಾದರೆ ಬೆಲೆ ಬಹಳ ಇಳಿಯುತ್ತದೆ. ಹೊಸ ಪಿಕಪ್ ಕೂರಿಸಲು ಮರ ಕೊರೆದಿದ್ದರೂ ಅಷ್ಟೇ. ಎಷ್ಟೋ ಜನ ಇಪ್ಪತ್ತರ ಹರೆಯದಲ್ಲಿ ಹೊಸದಾಗಿ ಕಾಣಲೆಂದು ಕೆರೆದ ಬಣ್ಣಕ್ಕೆ ಅರವತ್ತರಲ್ಲಿ ಮರುಗಿದ್ದಾರೆ.

ಆದರೂ ಅದೇ ಲೋಕದಲ್ಲಿ ಬೇರೆ ಕತೆಗಳಿವೆ. ಜಾಕೋ ಪಾಸ್ಟೋರಿಯಸ್ (1951-1987) ತನ್ನ 1962ರ ಜಾಝ್ ಬಾಸ್‌ನ ಮೆಟ್ಟಿಲುಗಳನ್ನೆಲ್ಲ ತೆಗೆದು ದಂಡಿಗೆ ಎಪಾಕ್ಸಿ ಬಳಿದ. ಮೆಟ್ಟಿಲಿರುವ ವೀಣೆಗೂ ಮೆಟ್ಟಿಲಿಲ್ಲದ ಗೋಟುವಾದ್ಯಕ್ಕೂ ಇರುವ ಅಂತರವನ್ನು ಒಂದೇ ವಾದ್ಯದಲ್ಲಿ ದಾಟಿದಂತೆ ಅದು. ಗಮಕದಂತೆ ಜಾರುವ ಆ ಸ್ವರ ಬಾಸ್ ವಾದನದ ದಿಕ್ಕನ್ನೇ ಬದಲಿಸಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬಾಸ್‌ಗೆ 1964ರಲ್ಲಿ ಹೊಸ ಬಣ್ಣ ಹೊಡೆಸಲಾಗಿತ್ತು. 1972ರಲ್ಲಿ ಕಳುವಾದ ಅದು 2023ರಲ್ಲಿ ಅವರ ಕೈಗೆ ಮರಳಿತು. ಈಗ ಆ 1964ರ ಬಣ್ಣವೂ ಚರಿತ್ರೆಯೇ. ಮೂಲದ ಬಣ್ಣ ಬೇಕೆಂದು ಅದನ್ನು ಕೆರೆದರೆ ವಾದ್ಯದ ಕತೆಯ ಒಂದು ಅಧ್ಯಾಯವೇ ಹೋದೀತು.

ಈ ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ವಿವೇಕ ಹೊಳೆಯುತ್ತದೆ. ಸಂಗೀತ ಕೇಳಿದ್ದಕ್ಕಾಗಿ ಮಾಡಿದ ಬದಲಾವಣೆ ಒಂದು ಬಗೆ, ಕಣ್ಣಿಗೆ ಹೊಸದಾಗಿ ಕಾಣಲೆಂದು ಮಾಡಿದ್ದು ಇನ್ನೊಂದು ಬಗೆ. ನುಡಿಸುವವನು ತನ್ನ ನಾದಕ್ಕಾಗಿ ವಾದ್ಯವನ್ನು ಬದಲಿಸಿದರೆ ಅದಕ್ಕೆ ಅವನೇ ಉತ್ತರದಾಯಿ, ಹೊಸ ನಾದವೇ ಅವನ ಸಮರ್ಥನೆ. ಷೋಕೇಸಿನಲ್ಲಿ ಹೊಳೆಯಲಿ ಎಂದು ಉಜ್ಜಿಸುವವರಿಗೆ ಅಂಥ ಸಮರ್ಥನೆ ಇಲ್ಲ.

ತಂಬೂರಿಗೆ ಇನ್ನೊಂದು ಕಷ್ಟವೂ ಇದೆ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಬಸ್ಸಿನಲ್ಲಿ ಒಯ್ಯಬಹುದಾದ, ಮೀಟಲು ಇನ್ನೊಬ್ಬರು ಬೇಡದ ಆ ಪೆಟ್ಟಿಗೆ ಸಾವಿರಾರು ವಿದ್ಯಾರ್ಥಿಗಳಿಗೆ ಉಪಕಾರ ಮಾಡಿದೆ. ಈಗ ಅದೂ ಮೊಬೈಲ್ ಫೋನಿನೊಳಗೆ ಸೇರಿದೆ. ಇದನ್ನು ಹಳಿದು ಪ್ರಯೋಜನವಿಲ್ಲ. ಆದರೆ ಇದರಿಂದ ಮರದ ತಂಬೂರಿ ಮೂಲೆ ಸೇರಿತು, ಮೂಲೆ ಸೇರಿದ್ದು ಅಲಂಕಾರದ ವಸ್ತುವಾಯಿತು. ಅಲಂಕಾರದ ವಸ್ತುವಿಗೆ ಬಣ್ಣ ಬಳಿಯಲು ಯಾರೂ ಹಿಂಜರಿಯುವುದಿಲ್ಲ. ಬಾಸ್ ಗಿಟಾರಿನ ಹಳೆಯ ಬಣ್ಣವನ್ನು ಸಂಗ್ರಾಹಕರ ಮಾರುಕಟ್ಟೆಯಾದರೂ ಕಾಯುತ್ತದೆ. ತಂಬೂರಿಗೆ ಅಂಥ ಕಾವಲುಗಾರ ಇಲ್ಲ. ಅದನ್ನು ಕಾಯಬೇಕಾದವರು ಮನೆಯವರೇ.

ಆದ್ದರಿಂದ ಹಳೆಯ ವಾದ್ಯ ಕೈಗೆ ಬಂದಾಗ ಮೊದಲು ತಂತಿ ಹಾಕಿಸಿ ಕೇಳಬೇಕು. ನಾದ ಬರುತ್ತಿದ್ದರೆ ಬಣ್ಣದ ಮಾತು ಬೇಡ, ಒಣ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ನಾದ ಬರದಿದ್ದರೆ ಜೀವಾಳಿ, ತಂತಿ, ಕುದುರೆ, ಬಿರಡೆ, ಈ ಕ್ರಮದಲ್ಲಿ ನೋಡಬೇಕು. ಸೀಳು, ಹುಳು ಕಂಡರೆ ತಡಮಾಡದೆ ವಾದ್ಯ ಮಾಡುವವರ ಬಳಿಗೇ ಒಯ್ಯಬೇಕು, ಪೀಠೋಪಕರಣ ಮಾಡುವವರ ಬಳಿಗಲ್ಲ. ಕೆಲಸಕ್ಕೆ ಮುಂಚೆ ಫೋಟೊ ತೆಗೆದಿಡಬೇಕು, ಬಿಚ್ಚಿದ ಹಳೆಯ ಕುದುರೆ, ಬಿರಡೆಗಳನ್ನು ಕೇಳಿ ಪಡೆದು ಜೋಪಾನ ಮಾಡಬೇಕು. ಮೈಕ್ ಬೇಕೇ ಬೇಕೆಂದರೆ ಮರ ಕೊರೆಯದೆ ಅಂಟಿಸಿ ತೆಗೆಯುವಂಥದ್ದು ಸಿಗುತ್ತದೆ. ಒಟ್ಟಿನಲ್ಲಿ, ನಾಳೆ ಬರುವವರು ಬಿಡಿಸಲಾಗದಂಥದ್ದನ್ನು ಇಂದು ಮಾಡಬಾರದು.

ನಮ್ಮಲ್ಲಿ ಅಮಾನತ್ ಎಂಬ ಮಾತಿದೆ. ಇನ್ನೊಬ್ಬರಿಗೆ ತಲುಪಿಸಬೇಕಾದ್ದನ್ನು ನಡುವೆ ಇಟ್ಟುಕೊಂಡಿರುವವನ ಹೊಣೆ ಅದು. ಇಟ್ಟುಕೊಂಡವನು ಅದನ್ನು ಬಳಸಬಾರದು ಎಂದಲ್ಲ, ತನ್ನದೇ ಎಂಬಂತೆ ಕೆಡಿಸಬಾರದು. ಹಳೆಯ ವಾದ್ಯವೂ ಅಂಥದ್ದೇ. ಅದರಲ್ಲಿ ಮಾಡಿದವನ ಕೈಯಿದೆ, ನುಡಿಸಿದವರ ಬೆರಳಿನ ಸವೆತವಿದೆ, ಇನ್ನೂ ಹುಟ್ಟದವರ ಪಾಲೂ ಇದೆ. ಮೀರಜ್‌ನ ಶಿಕಲಗಾರರ ಮಕ್ಕಳಲ್ಲಿ ಹಲವರು ಬೇರೆ ಕೆಲಸ ಹುಡುಕುತ್ತಿರುವ ಈ ಕಾಲದಲ್ಲಿ, ಒಂದು ತಂಬೂರಿಯನ್ನು ಜವಾರಿಗೆ ಕೊಡುವ ಕೂಲಿ ಒಂದು ಕಸುಬಿನ ಒಲೆಯನ್ನೂ ಉರಿಸುತ್ತದೆ. ಹೊಳಪು ಕೊಡುವುದೇ ಕಸುಬಾಗಿದ್ದವರ ವಂಶಸ್ಥರು ಅವರು. ಯಾವುದನ್ನು ಉಜ್ಜಬೇಕು, ಯಾವುದನ್ನು ಬಿಡಬೇಕು ಎಂದು ಅವರನ್ನು ಕೇಳುವುದು ಒಳ್ಳೆಯದು, ಅವರು ಇರುವಾಗಲೇ.