ಔರಾದದ ಎರೆಭೂಮಿಯೂ ಮನಾಬೆಯ ಬಕೆಟ್ಟೂ

ಬೀದರ್, ಭಾಲ್ಕಿ, ಔರಾದ್ ಒಂದೇ ಜಿಲ್ಲೆಯ ಊರುಗಳು. ಆದರೆ ಒಂದೇ ಮಳೆ ಬಿದ್ದರೂ ನೆಲದ ನಡತೆ ಬೇರೆ ಬೇರೆ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ನೀರು ಅದರೊಳಗೆ ಬೇಗ ಇಳಿದುಬಿಡುತ್ತದೆ. ಹಾಗೆ ಇಳಿದ ನೀರನ್ನು ಬಳಸಲೆಂದೇ 15ನೇ ಶತಮಾನದಲ್ಲಿ ಬಹಮನಿಗಳ ಕಾಲಕ್ಕೆ ಸುರಂಗ ಬಾವಿ, ಅಂದರೆ ಕರೇಜ್, ತೋಡಲಾಯಿತು. ಭಾಲ್ಕಿ, ಔರಾದ್ ಕಡೆ ಎರೆಭೂಮಿ ಹೆಚ್ಚು. ಆಳವಾದ ಎರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ; ಮುಂಗಾರು ಮುಗಿದ ಮೇಲೆ ಆ ಹಸಿಯಲ್ಲೇ ಹಿಂಗಾರಿ ಜೋಳ, ಕಡಲೆ ಬರುತ್ತವೆ.

ರೈತರಿಗೆ ಗೊತ್ತಿದ್ದ ಈ ವ್ಯತ್ಯಾಸ ಹವಾಮಾನದ ಕಂಪ್ಯೂಟರ್ ಮಾದರಿಗಳೊಳಗೆ ಬರಲು ದಶಕಗಳೇ ಹಿಡಿದವು.

1969ರಲ್ಲಿ ಸ್ಯುಕುರೊ ಮನಾಬೆ ನೆಲವನ್ನು ಒಂದು ಬಕೆಟ್ ಎಂದು ಭಾವಿಸಿ ಲೆಕ್ಕ ಹಾಕಿದರು. ಅದು ಹಿಡಿಯುವುದು 15 ಸೆಂ.ಮೀ. ನೀರು. ತುಂಬಿದರೆ ಹರಿದುಹೋಗುತ್ತದೆ, ಬರಿದಾಗುತ್ತಾ ಹೋದಂತೆ ಆವಿಯೂ ಇಳಿಯುತ್ತದೆ. ಸಹಾರಾಕ್ಕೂ ಔರಾದಕ್ಕೂ ಅದೇ ಬಕೆಟ್. ಬೇರಿಲ್ಲ, ಎಲೆಯಿಲ್ಲ.

1982ರಲ್ಲಿ ಉತ್ತರ ಪ್ರದೇಶ ಮೂಲದ ಜಗದೀಶ್ ಶುಕ್ಲಾ ಮತ್ತು ಯೇಲ್ ಮಿಂಟ್ಜ್ ಮಾದರಿಯಲ್ಲಿ ಒಮ್ಮೆ ಜಗತ್ತಿನ ನೆಲವನ್ನೆಲ್ಲ ತೇವವಾಗಿ, ಇನ್ನೊಮ್ಮೆ ಪೂರ್ತಿ ಒಣಗಿಸಿ ನೋಡಿದರು. ಮಳೆ, ಉಷ್ಣತೆ ಎರಡೂ ಭಾರಿ ಬದಲಾದವು. ನೆಲದ ಹಸಿ ಮಳೆಯ ಫಲ ಮಾತ್ರವಲ್ಲ, ಅದಕ್ಕೆ ಕಾರಣವೂ ಹೌದು ಎಂಬುದು ಸ್ಪಷ್ಟವಾಯಿತು. 1986ರಲ್ಲಿ ಪಿಯರ್ಸ್ ಸೆಲ್ಲರ್ಸ್ ಮತ್ತು ರಾಬರ್ಟ್ ಡಿಕಿನ್ಸನ್ ಅವರ ತಂಡಗಳು ಪ್ರತ್ಯೇಕವಾಗಿ ಬೇರು ನೀರು ಹೀರುವುದನ್ನೂ ಎಲೆ ಅದನ್ನು ಆವಿಯಾಗಿ ಬಿಡುವುದನ್ನೂ ಲೆಕ್ಕಕ್ಕೆ ತಂದವು. 2004ರಲ್ಲಿ ರ‍್ಯಾಂಡಲ್ ಕೋಸ್ಟರ್ ಮತ್ತಿತರರು ಹನ್ನೆರಡು ಮಾದರಿಗಳನ್ನು ಹೋಲಿಸಿ, ನೆಲದ ಹಸಿ ಮಳೆಯ ಮೇಲೆ ಹೆಚ್ಚು ಪ್ರಭಾವ ಬೀರುವ ಪ್ರದೇಶಗಳನ್ನು ಗುರುತಿಸಿದರು. ಅದರಲ್ಲಿ ಭಾರತವೂ ಇದೆ.

ಇಂದಿಗೂ ಅನೇಕ ಜಾಗತಿಕ ಮಾದರಿಗಳ ಒಂದು ಚೌಕ ಸುಮಾರು 100 ಕಿ.ಮೀ. ಅಗಲ. ನಮ್ಮ ಮೂರೂ ಊರು ಒಂದೇ ಚೌಕದಲ್ಲಿ ಹಿಡಿಸುತ್ತವೆ. ಚೌಕದೊಳಗೆ ಮಣ್ಣು, ಬೆಳೆಗಳನ್ನು ತುಂಡುತುಂಡಾಗಿ ಲೆಕ್ಕ ಹಾಕುವ ಮಾದರಿಗಳಿವೆ. ಆದರೆ ಮೇಲಿನ ಮಳೆ ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ.

ಜುಲೈನಲ್ಲಿ ಮಳೆ ಕೈಕೊಟ್ಟರೆ ತೆಳು ಕೆಂಪು ಮಣ್ಣಿನ ಸೋಯಾ ಮೊದಲು ಬಾಡುತ್ತದೆ, ಆಳ ಎರೆಯದ್ದು ಇನ್ನಷ್ಟು ದಿನ ತಾಳುತ್ತದೆ. ಚೌಕದ ಸರಾಸರಿ 'ಹಸಿ ಸಾಕಷ್ಟಿದೆ' ಎಂದರೆ ಮೊದಲು ಬಾಡಿದ ಹೊಲ ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಬರದ ಸುದ್ದಿ ಬರೆಯುವ ನಾವು ನಕ್ಷೆಯ ಬಣ್ಣ ನೋಡುವ ಮೊದಲು ಕೇಳಬೇಕಾದದ್ದು: ಇದು ಯಾವ ಮಣ್ಣಿನ ಮಾತು?